ಕೆಲಸದ ಜೊತೆ ಆನ್‌ಲೈನ್ ಡಿಗ್ರಿ: ನಾನು ಹೊಂದಿಸ್ಕೊಂಡ ರೀತಿ

ಕೆಲಸ ಮಾಡ್ತಾ ಆನ್‌ಲೈನ್ ಡಿಗ್ರಿ ಓದೋರನ್ನ ಎಲ್ರೂ ಕೇಳೋದು ಟೈಮ್ ಎಲ್ಲಿಂದ ಸಿಗುತ್ತೆ ಅಂತ. ನನ್ನ ಪ್ರಕಾರ ಟೈಮ್‌ಗಿಂತ ದೊಡ್ಡ ಕಷ್ಟ ಇನ್ನೊಂದಿದೆ. ದಿನವಿಡೀ ದುಡಿದು ಲ್ಯಾಪ್‌ಟಾಪ್ ಮುಂದೆ ಕೂತಾಗ "ಇವತ್ತು ಏನು ಓದ್ಲಿ" ಅಂತ ಯೋಚ್ನೆ ಶುರು ಮಾಡಿದ್ರೆ ಅಲ್ಲಿಗೇ ಅರ್ಧ ಗಂಟೆ ಹೋಯ್ತು, ಯಾಕಂದ್ರೆ ಪೋರ್ಟಲ್‌ಗೆ ಲಾಗಿನ್ ಆಗ್ಬೇಕು, ಯಾವ ವೀಡಿಯೊ ಬಾಕಿ ಇದೆ ನೋಡ್ಬೇಕು, ಅಸೈನ್‌ಮೆಂಟ್ ಡೇಟ್ ಹುಡುಕ್ಬೇಕು, ಅಷ್ಟೊತ್ತಿಗೆ ಕಣ್ಣು ಎಳೀತಿರುತ್ತೆ. ಅದಕ್ಕೇ ನಾನು ಮಾಡ್ಕೊಂಡಿದ್ದೆಲ್ಲಾ ಒಂದೇ ಕಾರಣಕ್ಕೆ, ಸುಸ್ತಾದ ತಲೆಗೆ ಏನನ್ನೂ ತೀರ್ಮಾನ ಮಾಡೋ ಕೆಲಸ ಕೊಡಬಾರ್ದು, ಅದೆಲ್ಲಾ ಮೊದ್ಲೇ ಆಗಿರ್ಬೇಕು, ಕೂತ ತಕ್ಷಣ ಓದು ಶುರು ಆಗ್ಬೇಕು.

ಅಡ್ಮಿಶನ್ ಟೈಮಲ್ಲೇ ಮಾಡೋ ಒಂದು ಲೆಕ್ಕ ಇದೆ, ಇದನ್ನ ಯಾರೂ ತಪ್ಪಿಸ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ಕ್ರೆಡಿಟ್ ಅಂದ್ರೆ ಅಂಕ ಅಲ್ಲ, ಗಂಟೆ. ಯುರೋಪಿನ ಯೂನಿವರ್ಸಿಟಿಗಳು ಬಳಸೋ ಇಸಿಟಿಎಸ್ ಅನ್ನೋ ಕ್ರೆಡಿಟ್ ಪದ್ಧತೀಲಿ 1 ಕ್ರೆಡಿಟ್‌ಗೆ 25ರಿಂದ 30 ಗಂಟೆ ಓದು ಅಂತ ಹಿಡೀತಾರೆ, ಅಂದ್ರೆ 5 ಕ್ರೆಡಿಟ್ ಕೋರ್ಸ್‌ಗೆ 125ರಿಂದ 150 ಗಂಟೆ, 15 ವಾರಕ್ಕೆ ಹಂಚಿದ್ರೆ ವಾರಕ್ಕೆ 8ರಿಂದ 10 ಗಂಟೆ. ಅಮೆರಿಕದ ಲೆಕ್ಕದಲ್ಲಿ 1 ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಕ್ಲಾಸ್, ಅದರ ಮೇಲೆ ಕಮ್ಮಿ ಅಂದ್ರೂ ಎರಡು ಗಂಟೆ ಸ್ವಂತ ಓದು, ಹಾಗಾಗಿ 3 ಕ್ರೆಡಿಟ್ ಅಂದ್ರೆ ವಾರಕ್ಕೆ 9 ಗಂಟೆ. ಅದೇ ಕೋರ್ಸನ್ನ ಅರ್ಧ ಸೆಮಿಸ್ಟರ್‌ನಲ್ಲಿ ಮುಗಿಸೋ ಹಾಗೆ ಕೊಟ್ಟಿದ್ರೆ ವಾರದ ಗಂಟೆ ಡಬಲ್ ಆಗುತ್ತೆ, "ಬೇಗ ಮುಗಿಯುತ್ತೆ" ಅಂತ ಖುಷಿಯಾಗಿ ತಗೊಳ್ಳೋರು ಇದನ್ನ ಗಮನಿಸೋದೇ ಇಲ್ಲ. ನಾನು ಫುಲ್‌ಟೈಮ್ ಕೆಲಸ ಇಟ್ಕೊಂಡು ಒಂದು ಸೆಮಿಸ್ಟರ್‌ಗೆ ಎರಡಕ್ಕಿಂತ ಜಾಸ್ತಿ ಕೋರ್ಸ್ ತಗೊಳ್ಳಲಿಲ್ಲ, ಆಫೀಸಲ್ಲಿ ದೊಡ್ಡ ಪ್ರಾಜೆಕ್ಟ್ ಇದ್ದಾಗ ಒಂದೇ. ಡಿಗ್ರಿ ಸ್ವಲ್ಪ ತಡ ಆಗುತ್ತೆ ನಿಜ, ಆದ್ರೆ ಮುಗಿಯುತ್ತೆ.

ಸೆಮಿಸ್ಟರ್‌ನ ಮೊದಲ ವಾರ ನಾನು ಪಾಠಕ್ಕಿಂತ ಮುಂಚೆ ಸಿಲಬಸ್ ತೆಗೆದು ಡೇಟ್‌ಗಳನ್ನ ಎತ್ಕೋತೀನಿ. ಕ್ವಿಜ್, ಅಸೈನ್‌ಮೆಂಟ್, ಚರ್ಚೆಯ ಪೋಸ್ಟ್, ಗ್ರೂಪ್ ಪ್ರಾಜೆಕ್ಟ್, ಪರೀಕ್ಷೆ, ಎಲ್ಲಾ ಒಂದೇ ಕ್ಯಾಲೆಂಡರ್‌ಗೆ, ಆಫೀಸಿನ ಬ್ಯುಸಿ ದಿನಗಳೂ ಅದರಲ್ಲೇ. ಕ್ವಾರ್ಟರ್ ಎಂಡ್ ಮತ್ತೆ ಮಿಡ್‌ಟರ್ಮ್ ಒಂದೇ ವಾರಕ್ಕೆ ಬಿದ್ದಿದೆ ಅಂತ ಎರಡು ತಿಂಗಳು ಮೊದ್ಲೇ ಕಂಡ್ರೆ ಏನಾದ್ರೂ ಮಾಡ್ಬೋದು, ಹಿಂದಿನ ದಿನ ಗೊತ್ತಾದ್ರೆ ಏನೂ ಮಾಡೋಕಾಗಲ್ಲ. ಮೂಡಲ್, ಕ್ಯಾನ್ವಾಸ್ ಥರದ ಪೋರ್ಟಲ್‌ಗಳಲ್ಲಿ ಕ್ಯಾಲೆಂಡರ್ ಲಿಂಕ್ ಸಿಗುತ್ತೆ, ಅದನ್ನ ನಿಮ್ಮ ಫೋನಿನ ಕ್ಯಾಲೆಂಡರ್‌ಗೆ ಸೇರಿಸ್ಕೊಂಡ್ರೆ ಮೇಷ್ಟ್ರು ಅಲ್ಲಿ ಡೇಟ್ ಬದಲಾಯಿಸಿದ್ರೆ ಇಲ್ಲೂ ಬದಲಾಗುತ್ತೆ, ಕೂಡಲೇ ಅಲ್ಲದಿದ್ರೂ ಸ್ವಲ್ಪ ಹೊತ್ತಲ್ಲಿ. ಆದ್ರೂ ಪಿಡಿಎಫ್ ಸಿಲಬಸ್‌ನಲ್ಲಿ ಮಾತ್ರ ಬರೆದಿರೋ ಡೇಟ್‌ಗಳು ಅದರಲ್ಲಿ ಬರಲ್ಲ, ಅವನ್ನ ಕೈಯಾರೆ ಹಾಕ್ಲೇಬೇಕು.

ಬೇರೆ ದೇಶದ ಯೂನಿವರ್ಸಿಟಿ ಆದ್ರೆ ಟೈಮ್ ಝೋನ್ ನೋಡ್ಕೊಳ್ಳಿ. ರಾತ್ರಿ 11:59 ಅಂದ್ರೆ ಯಾರ ರಾತ್ರಿ? ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಬದಲಾಗುತ್ತೆ, ಯುರೋಪಲ್ಲಿ ಮಾರ್ಚ್ ಮತ್ತೆ ಅಕ್ಟೋಬರ್‌ನ ಕೊನೆ ಭಾನುವಾರ, ಗಡಿಯಾರ ಬದಲಾಗದ ಕಡೆ ಇರೋರಿಗೆ ಲೈವ್ ಕ್ಲಾಸೂ ಡೆಡ್‌ಲೈನೂ ಅವತ್ತಿಂದ ಒಂದು ಗಂಟೆ ಆಚೀಚೆ. ನಾನು ಪ್ರತಿ ಅಸೈನ್‌ಮೆಂಟ್‌ಗೂ ಎರಡು ಡೇಟ್ ಹಾಕ್ತೀನಿ, ಅವರದ್ದೊಂದು, ಅದಕ್ಕಿಂತ ಮೂರು ದಿನ ಮುಂಚೆ ನನ್ನದೊಂದು. ಕೆಲಸಕ್ಕೆ ಎಷ್ಟು ಟೈಮ್ ಹಿಡಿಯುತ್ತೆ ಅಂತ ಅಂದಾಜು ಮಾಡುವಾಗ ಮನುಷ್ಯರು ಕಮ್ಮಿ ಹೇಳೋದು ಸಹಜ ಅಂತ ಕಾಹ್ನೆಮನ್ ಮತ್ತೆ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ರು, ಅದಕ್ಕೆ ನನಗೆ ನಾಲ್ಕು ಗಂಟೆ ಅನ್ಸಿದ್ದಕ್ಕೆ ಆರು ಗಂಟೆ ಇಟ್ಟುಬಿಡ್ತೀನಿ.

ಈಗ ನನ್ನ ಓದಿನ ಜೀವಾಳ ಅನ್ನೋ ಅಭ್ಯಾಸಕ್ಕೆ ಬರ್ತೀನಿ. ಪ್ರತಿ ಸಲ ಓದು ನಿಲ್ಲಿಸೋ ಮುಂಚೆ ಕೊನೇ ಐದು ನಿಮಿಷ ಮುಂದಿನ ಸಲದ ಮೊದಲ ಹೆಜ್ಜೆ ಬರೆದಿಡೋದು. "ಸ್ಟಾಟಿಸ್ಟಿಕ್ಸ್ ಓದ್ಬೇಕು" ಅಂತ ಬರೆದ್ರೆ ಪ್ರಯೋಜನ ಇಲ್ಲ, "ನಾಲ್ಕನೇ ಪಾಠದ ಮೂರನೇ ಲೆಕ್ಕ, ಎರಡನೇ ಸ್ಟೆಪ್‌ನಲ್ಲಿ ವೇರಿಯನ್ಸ್ ಯಾಕೆ ಎನ್ ಮೈನಸ್ ಒಂದರಿಂದ ಭಾಗಿಸಿದ್ದಾರೆ ನೋಡು" ಅಂತ ಬರೀಬೇಕು. ಆ ಫೈಲು, ಆ ಪೇಜು ಓಪನ್ ಆಗೇ ಇರ್ಬೇಕು. ಮಾರನೇ ದಿನ ಎಷ್ಟೇ ಸುಸ್ತಾಗಿದ್ರೂ ಆ ಒಂದು ಲೆಕ್ಕ ಮಾಡೋಕೆ ಮನಸ್ಸು ಒಪ್ಪುತ್ತೆ, ಒಮ್ಮೆ ಕೈ ಹಚ್ಚಿದ ಮೇಲೆ ಮುಂದಿನದು ತಾನಾಗೇ ಸಾಗುತ್ತೆ. ಆಫೀಸ್ ಕೆಲಸಕ್ಕೂ ಇದನ್ನೇ ಮಾಡ್ತೀನಿ, ಕೆಲಸ ಬಿಡೋ ಮುಂಚೆ ಏನು ಬಾಕಿ, ನಾಳೆ ಎಲ್ಲಿಂದ ಶುರು ಅಂತ ಎರಡು ಸಾಲು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೇ ಕೆಲಸದಲ್ಲೇ ಉಳಿಯುತ್ತೆ ಅಂತ ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲಿ ತೋರಿಸಿದ್ರು, ಆಮೇಲೆ 2018ರಲ್ಲಿ ಥೆರೆಸಾ ಗ್ಲಾಂಬ್ ಜೊತೆ ಮಾಡಿದ ಅಧ್ಯಯನದಲ್ಲಿ ಬಿಟ್ಟ ಕೆಲಸಕ್ಕೆ ವಾಪಸ್ ಬಂದಾಗ ಏನು ಮಾಡ್ಬೇಕು ಅಂತ ಚಿಕ್ಕದಾಗಿ ಬರೆದಿಟ್ರೆ ಆ ಎಳೆತ ಕಮ್ಮಿ ಆಗುತ್ತೆ ಅಂತ ಕಂಡ್ಕೊಂಡ್ರು. ನನ್ನ ಅನುಭವದಲ್ಲಿ ಇದು ಅಕ್ಷರಶಃ ನಿಜ, ಆ ಎರಡು ಸಾಲು ಬರೆದ ದಿನ ಓದುವಾಗ ಆಫೀಸಿನ ಮೇಲ್ ನೆನಪಾಗಲ್ಲ.

ವಾರದ ದಿನಗಳಲ್ಲಿ ಚಿಕ್ಕ ಕೆಲಸ, ರಜಾ ದಿನ ದೊಡ್ಡ ಕೆಲಸ. ವೀಡಿಯೊ ನೋಡೋದು, ಕ್ವಿಜ್ ಮಾಡೋದು, ಚರ್ಚೆಗೆ ಉತ್ತರ ಬರೆಯೋದು ಇವೆಲ್ಲಾ ಮುಕ್ಕಾಲು ಗಂಟೇಲಿ ಆಗುತ್ತೆ. ಪ್ರಬಂಧ ಬರೆಯೋದು, ಕೋಡಿಂಗ್ ಮಾಡೋದು ಹಾಗಲ್ಲ, ವಿಷಯ ತಲೆಗೆ ಹತ್ತೋಕೇ ಅರ್ಧ ಗಂಟೆ ಬೇಕು. 25 ನಿಮಿಷ ಓದಿ 5 ನಿಮಿಷ ಬಿಡುವು ತಗೊಳ್ಳೋ ಪೊಮೊಡೊರೊ ಪದ್ಧತಿ ತುಂಬಾ ಜನ ಹೇಳ್ತಾರೆ, ಓದೋಕೆ ಅದು ಚೆನ್ನಾಗಿದೆ, ಬರೆಯೋಕೆ ನನಗೆ ಆಗಿಬರಲ್ಲ, ಬರವಣಿಗೆ ಹಿಡಿತಕ್ಕೆ ಸಿಗೋ ಹೊತ್ತಿಗೇ ಅಲಾರಂ ಹೊಡೆದ್ರೆ ಹೇಗೆ. ವಾರದಲ್ಲಿ ಒಂದು ಸಂಜೆ ಖಾಲಿ ಬಿಡ್ತೀನಿ, ಯಾವುದೋ ದಿನ ಆಫೀಸಲ್ಲಿ ತಡ ಆಗೇ ಆಗುತ್ತೆ, ಆ ಬಾಕಿ ಈ ಸಂಜೆಗೆ ಬಂದು ಬೀಳುತ್ತೆ.

ನೋಟ್ಸ್ ವಿಷಯದಲ್ಲಿ ಒಂದೇ ಮಾತು, ನೋಡಿ ಬರೆಯೋದಕ್ಕಿಂತ ಮುಚ್ಚಿಟ್ಟು ಬರೆಯೋದು ಒಳ್ಳೇದು. ಪಾಠ ಮುಗಿದ ಮೇಲೆ ವೀಡಿಯೊ ಕ್ಲೋಸ್ ಮಾಡಿ ನೆನಪಿರೋದನ್ನ ಖಾಲಿ ಹಾಳೇಲಿ ಬರೀತೀನಿ, ಆಮೇಲೆ ತೆಗೆದು ಬಿಟ್ಟುಹೋಗಿದ್ದನ್ನ ಬೇರೆ ಬಣ್ಣದಲ್ಲಿ ಸೇರಿಸ್ತೀನಿ. ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದೋರೇ ಮುಂದಿದ್ರು, ವಾರ ಬಿಟ್ಟು ಕೇಳಿದಾಗ ಮಾತ್ರ ನೆನಪು ಮಾಡ್ಕೊಂಡು ಬರೆದೋರು ಮುಂದೆ ಬಂದ್ರು. ಟೈಮ್ ಕಮ್ಮಿ ಇರೋ ನಮ್ಮಂಥೋರಿಗೆ ಇದು ದೊಡ್ಡ ಉಳಿತಾಯ, ಅದೇ ಪಾಠ ಪರೀಕ್ಷೆ ಹೊತ್ತಿಗೆ ಮೊದಲಿಂದ ಓದೋ ಪಾಡು ಇರಲ್ಲ. ವ್ಯಾಖ್ಯೆ, ಸೂತ್ರ ಇಂಥವನ್ನ ಪ್ರಶ್ನೆ-ಉತ್ತರದ ಕಾರ್ಡ್ ಮಾಡಿ ಆಗಾಗ ತೋರಿಸೋ ಆಂಕಿ ಆಪ್‌ಗೆ ಹಾಕ್ತೀನಿ, ಪ್ರಯಾಣದಲ್ಲಿ, ಮೀಟಿಂಗ್ ಶುರುವಾಗೋ ಮುಂಚೆ ನಾಲ್ಕು ಕಾರ್ಡ್ ನೋಡ್ಬೋದು.

ಫೈಲ್‌ಗಳಿಗೆ ಪ್ರತಿ ಕೋರ್ಸ್‌ಗೂ ಒಂದು ಫೋಲ್ಡರ್, ಹೆಸರು ಯಾವಾಗ್ಲೂ ವರ್ಷ, ತಿಂಗಳು, ದಿನದಿಂದ ಶುರು, ಆಗ ತಾನಾಗೇ ಕ್ರಮದಲ್ಲಿ ನಿಲ್ಲುತ್ತೆ. ಬರೀತಿರೋ ಕಡತ ಕ್ಲೌಡ್‌ನಲ್ಲೂ ಇರ್ಬೇಕು, ಹೊರಗಿನ ಡ್ರೈವ್‌ನಲ್ಲೂ ಒಂದು ಪ್ರತಿ. ಓದಿದ ಲೇಖನಗಳನ್ನ ಮೊದಲ ದಿನದಿಂದಲೇ ಝೊಟೆರೊ ಅನ್ನೋ, ಆಕರಗಳ ಪಟ್ಟಿ ತಾನೇ ಮಾಡ್ಕೊಡೋ ಸಾಫ್ಟ್‌ವೇರ್‌ಗೆ ಹಾಕಿ, ಉಚಿತವಾಗೇ ಸಿಗುತ್ತೆ, ಕೊನೇ ರಾತ್ರಿ ಕೂತು ಗ್ರಂಥಋಣ ಟೈಪ್ ಮಾಡೋ ಕಷ್ಟ ತಪ್ಪುತ್ತೆ. ಅಪ್‌ಲೋಡ್ ಮಾಡಿದ ಮೇಲೆ ಅದೇ ಫೈಲನ್ನ ಪೋರ್ಟಲ್‌ನಿಂದ ಡೌನ್‌ಲೋಡ್ ಮಾಡಿ ತೆರೆದು ನೋಡಿ, ಸರಿಯಾದದ್ದೇ ಹೋಗಿದ್ಯಾ ಅಂತ.

ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಓದೋದು ಬೇಡ ಅಂತ ಖಂಡಿತವಾಗಿ ಹೇಳ್ತೀನಿ. ಕೆಲಸ ಬಿಟ್ಟ ದಿನ ಅದು ವಾಪಸ್ ಹೋಗುತ್ತೆ, ಜೊತೆಗೆ ಕ್ಯಾಮೆರಾ ಇಟ್ಟು ನಡೆಸೋ ಆನ್‌ಲೈನ್ ಪರೀಕ್ಷೆಯ ಸಾಫ್ಟ್‌ವೇರ್ ಹಾಕೋಕೆ ಸಾಮಾನ್ಯವಾಗಿ ಅಡ್ಮಿನ್ ಪರ್ಮಿಶನ್ ಬೇಕಾಗುತ್ತೆ, ಕಂಪನಿಗಳು ಅದನ್ನ ಕೊಡೋದು ಅಪರೂಪ. ಸ್ವಂತದ್ದರಲ್ಲಿ ಕೆಲವು ದಿನ ಮೊದ್ಲೇ ಟೆಸ್ಟ್ ಮಾಡಿ, ಕ್ಯಾಮೆರಾ, ಮೈಕು, ನೆಟ್ಟು, ಗುರುತಿನ ಚೀಟಿ ಮೇಲಿರೋ ಹೆಸರು ಯೂನಿವರ್ಸಿಟೀಲಿ ಇರೋ ಹೆಸರಿಗೆ ಸರಿಹೊಂದುತ್ತಾ ಅನ್ನೋದೂ ಸೇರಿ.

ಮ್ಯಾನೇಜರ್‌ಗೂ ಮನೆಯೋರಿಗೂ ಪರೀಕ್ಷೆ ಡೇಟ್‌ಗಳನ್ನ ಸೆಮಿಸ್ಟರ್ ಶುರುವಲ್ಲೇ ಹೇಳಿ. "ನಾನು ಓದ್ತಿದೀನಿ" ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ, "ಈ ಎರಡು ಶನಿವಾರ ನಾನು ಸಿಗಲ್ಲ" ಅಂದ್ರೆ ಎಲ್ರೂ ಹೊಂದ್ಕೋತಾರೆ, ನನ್ನ ಮನೆಯೋರಂತೂ ಆ ದಿನಗಳನ್ನ ನನಗಿಂತ ಚೆನ್ನಾಗಿ ಕಾಯ್ತಾರೆ. ಕಾಯಿಲೆ ಅಥವಾ ಆಫೀಸಿನ ತುರ್ತು ಬಂದ್ರೆ ಡೆಡ್‌ಲೈನ್ ಮುಗಿಯೋ ಮುಂಚೆ ಮೇಷ್ಟ್ರಿಗೆ ಮೇಲ್ ಹಾಕಿ, ಎಷ್ಟು ದಿನ ಬೇಕು, ಇಲ್ಲಿವರೆಗೆ ಎಷ್ಟಾಗಿದೆ ಅಂತ ಬರೆದು, ಮುಂಚೆ ಕೇಳಿದೋರಿಗೆ ಸಿಗೋ ಸಾಧ್ಯತೆ ಜಾಸ್ತಿ.

ಸೆಮಿಸ್ಟರ್ ಮುಗಿದ ವಾರ ಪುಸ್ತಕ ಮುಟ್ಟಲ್ಲ, ಆದ್ರೆ ಒಂದು ಕೆಲಸ ಮಾತ್ರ ಬಿಡಲ್ಲ. ಎಷ್ಟೋ ಕಡೆ ಕೋರ್ಸ್ ಮುಗಿದು ಸ್ವಲ್ಪ ದಿನಕ್ಕೆ ಪೋರ್ಟಲ್‌ನಲ್ಲಿ ಆ ಪೇಜ್ ಮುಚ್ಚಿಬಿಡ್ತಾರೆ, ಹಾಗಾಗಿ ಸ್ಲೈಡ್, ನನ್ನ ಅಸೈನ್‌ಮೆಂಟ್, ಮೇಷ್ಟ್ರು ಕೊಟ್ಟ ಕಾಮೆಂಟ್, ಎಲ್ಲಾ ಇಳಿಸ್ಕೊಂಡು ಆ ಕೋರ್ಸಿನ ಫೋಲ್ಡರ್‌ಗೆ ಹಾಕ್ತೀನಿ. ಮೇಷ್ಟ್ರ ಕಾಮೆಂಟ್‌ಗಳನ್ನ ಮಾತ್ರ ಪ್ರಿಂಟ್ ತೆಗೆದಿಟ್ಕೋತೀನಿ, ಮುಂದಿನ ಕೋರ್ಸಿನ ಮೊದಲ ಪ್ರಬಂಧ ಬರೆಯೋ ಮುಂಚೆ ಅದೇ ಬೇಕಾಗೋದು.