ಕರೆಂಟ್ ಮುಗಿಸಿ ಊರಿಗೆ ಬಂದ ಮೇಲೆ: ಎದೆಯ ಚರ್ಮ ಕಾಯುವ ಕೆಲಸ

ಸ್ತನ ಕ್ಯಾನ್ಸರಿಗೆ ರೇಡಿಯೇಷನ್, ನಮ್ಮ ಕಡೆಯ ಮಾತಲ್ಲಿ 'ಕರೆಂಟ್', ಮುಗಿಸಿ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಮೂಡಿಗೆರೆ, ಸಕಲೇಶಪುರಕ್ಕೆ ವಾಪಸಾದವರು ವಾರದೊಳಗೆ ಕೇಳುತ್ತಾರೆ: "ಎಲ್ಲ ಮುಗೀತಲ್ಲ ಸಿಸ್ಟರ್, ಈಗ್ಯಾಕೆ ಉರಿ ಜಾಸ್ತಿ ಆಗ್ತಿದೆ?" ಚರ್ಮದ ತಳಪದರದಲ್ಲಿ ಹೊಸ ಕೋಶ ಹುಟ್ಟುವುದು ಕುಂಠಿತವಾಗಿರುತ್ತದೆ. ಮೇಲಿನ ಹಳೆಯ ಪದರ ಉದುರುವವರೆಗೆ ಆ ಹಾನಿ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಕೊನೆಯ ಕರೆಂಟ್ ಆದ ಒಂದೆರಡು ವಾರಕ್ಕೇ ಉರಿ ಹೆಚ್ಚು. ಅದಕ್ಕೇ ಆರೈಕೆಯನ್ನು ಕರೆಂಟಿನ ಮೊದಲ ದಿನವೇ ಶುರುಮಾಡಿಸಿ, ಮುಗಿದ ಮೇಲೂ ಕನಿಷ್ಠ ಎರಡು ವಾರ ಬಿಡದೆ ಮಾಡಿಸುತ್ತೇನೆ.

ಇನ್ನೊಂದು ಗಮನಿಸಬೇಕು. ಚರ್ಮ ಕೆಂಪಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಸರಿಯಾಗಿ ಕಾಣುವುದಿಲ್ಲ, ಚರ್ಮ ಕಪ್ಪಾಗುತ್ತದೆ. ಆದ್ದರಿಂದ ಬಣ್ಣವನ್ನಷ್ಟೇ ನಂಬದೆ ಕೈ ಇಟ್ಟು ಬಿಸಿ, ಬಿಗಿತ, ನೋವು ನೋಡುತ್ತೇನೆ. ಸ್ತನದ ಕೆಳಗಿನ ಮಡಿಕೆ ಮತ್ತು ಕಂಕುಳನ್ನು ಪ್ರತಿಸಲವೂ ಎತ್ತಿ ನೋಡಲೇಬೇಕು, ಒಡೆಯುವುದು ಅಲ್ಲೇ ಮೊದಲು.

ಚಿಕಿತ್ಸೆಗೆ ಹೋಗುವ ಮುಂಚೆಯೇ ಡಾಕ್ಟರಲ್ಲಿ ಕೇಳಿ ಎಂದು ಕಳಿಸುವ ಒಂದು ಪ್ರಶ್ನೆ: ಎಷ್ಟು ದಿನದ ಕರೆಂಟ್? 25 ದಿನಕ್ಕೆ 50 ಗ್ರೇ (ಕರೆಂಟಿನ ಡೋಸ್ ಅಳೆಯುವ ಮಾನ) ಕೊಡುವುದು ಹಳೆಯ ಕ್ರಮ. 15 ದಿನಕ್ಕೆ 40 ಗ್ರೇ ಕೊಟ್ಟರೆ ಕ್ಯಾನ್ಸರ್ ಹತೋಟಿ ಕಡಿಮೆಯಾಗುವುದಿಲ್ಲ, ಚರ್ಮದ ತೊಂದರೆ ಕಡಿಮೆ ಎಂದು ಬ್ರಿಟನ್ನಿನ ಸ್ಟಾರ್ಟ್-ಬಿ ಅಧ್ಯಯನದ ಹತ್ತು ವರ್ಷದ ಫಲಿತಾಂಶ 2013ರಲ್ಲಿ ತೋರಿಸಿತು. ಎಲ್ಲರಿಗೂ ಹೊಂದದಿರಬಹುದು, ಕೇಳುವುದರಲ್ಲಿ ತಪ್ಪಿಲ್ಲ.

ಸ್ನಾನ ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ದಿನಾ ಸ್ನಾನ ಮಾಡಿ, ಆದರೆ ಹಂಡೆಯ ಸುಡುನೀರು ಬೇಡ. ಮೊಣಕೈಗೆ ಉಗುರುಬೆಚ್ಚಗೆ ಅನ್ನಿಸಬೇಕು. ಸೌಮ್ಯ ಸೋಪನ್ನು ಅಂಗೈಯಲ್ಲೇ ನೊರೆ ಮಾಡಿ ಸವರಬೇಕು, ಉಜ್ಜುವ ಕಲ್ಲು, ನಾರು ಮುಟ್ಟಿಸಬಾರದು. ಕರೆಂಟ್ ಎಲ್ಲಿ ಬೀಳಬೇಕೆಂದು ಗುರುತಿಗೆ ಹಾಕಿದ ಗೆರೆ ಅಳಿಸಬಾರದು. ಒರೆಸುವುದು ಅಂದರೆ ಒತ್ತಿ ತೆಗೆಯುವುದು.

ಜೂನ್ ನಂತರ ಮಲೆನಾಡಿನ ಮಳೆಯಲ್ಲಿ ಕೆಲಸ ಕೆಡುವುದು ಒಣಗದ ರವಿಕೆಯಿಂದ. ಮಡಿಕೆಯೊಳಗೆ ತೇವ ನಿಂತರೆ ಶಿಲೀಂಧ್ರ ಬೆಳೆಯುತ್ತದೆ: ತುರಿಕೆ, ಬಿಳಿಚು ಪೊರೆ, ಸುತ್ತ ಚಿಕ್ಕ ಚಿಕ್ಕ ಗುಳ್ಳೆ. ಹಳೆಯ ಹತ್ತಿ ಪಂಚೆಯ ತುಂಡನ್ನು ಒಗೆದು ಇಸ್ತ್ರಿ ಹಾಕಿ, ಮಡಿಕೆಯಲ್ಲಿಟ್ಟು, ತೇವವಾದ ಕೂಡಲೇ ಬದಲಿಸುವುದು ನಾನು ಕಂಡ ಸುಲಭ ದಾರಿ. ಪೌಡರ್ ಹಾಕಿದರೆ ಬೆವರಿಗೆ ಗಂಟುಕಟ್ಟಿ ಚರ್ಮ ಕೆರೆಯುತ್ತದೆ. ತಂತಿಯ ಬ್ರಾ ಬೇಡ, ಸಡಿಲ ಹತ್ತಿ ಬನಿಯನ್ ಸಾಕು.

ಕ್ರೀಮಿನ ವಿಷಯ. ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ದಿನಕ್ಕೆರಡು ಸಲ. ಜೊತೆಗೆ ಡಾಕ್ಟರ್ ಬರೆದುಕೊಟ್ಟರೆ 0.1% ಮೊಮೆಟಾಸೋನ್ ಎಂಬ ಸ್ಟೆರಾಯ್ಡ್ ಕ್ರೀಮು, ದಿನಕ್ಕೊಮ್ಮೆ, ತೆಳುವಾಗಿ, ಮೊದಲ ದಿನದಿಂದ; ಉರಿ ಶುರುವಾದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋಯಿತು. ಕರೆಂಟಿಗೆ ಹೋಗುವ ಮುನ್ನ ದಪ್ಪವಾಗಿ ಬಳಿಯಬೇಡಿ, ಚರ್ಮಕ್ಕೆ ಬೀಳುವ ಡೋಸ್ ಏರುತ್ತದೆ. ಮೇಲೆ ಹೇಳಿದ ಶಿಲೀಂಧ್ರ ಕಂಡರೆ ಸ್ಟೆರಾಯ್ಡ್ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು, ಮುಂದುವರಿಸಿದರೆ ಹರಡುತ್ತದೆ. ಅರಿಶಿನ, ಹರಳೆಣ್ಣೆ, ಸೊಪ್ಪಿನ ರಸ ಪ್ರೀತಿಯಿಂದಲೇ ಹಚ್ಚುತ್ತಾರೆ, ಆದರೂ ಕೈ ಹಿಡಿದು ತಡೆಯುತ್ತೇನೆ.

ಒಡೆದು ನೀರು ಸೋರಿದರೆ ನಾರ್ಮಲ್ ಸಲೈನಿನಿಂದ ತೊಳೆದು, ಅಂಟದ ಸಿಲಿಕೋನ್ ಡ್ರೆಸ್ಸಿಂಗ್ ಇಟ್ಟು, ಬನಿಯನ್ನಿನಿಂದಲೇ ಹಿಡಿದಿಡುತ್ತೇನೆ. ಕರೆಂಟ್ ಬಿದ್ದ ಚರ್ಮಕ್ಕೆ ಪ್ಲಾಸ್ಟರ್ ಅಂಟಿಸಿದರೆ ಕೀಳುವಾಗ ಚರ್ಮವೇ ಕಿತ್ತು ಬರುತ್ತದೆ. ಕೀವು, ವಾಸನೆ ಅಥವಾ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ಚಿಕಿತ್ಸೆ ನಡೆಯುತ್ತಿರುವಾಗ ಒಡೆದರಂತೂ ನೋವಿಗೆ ಹೆದರಿ ತಾವಾಗಿ ದಿನ ತಪ್ಪಿಸಬಾರದು. ನಡುವೆ ಬಿಡುವಾದಷ್ಟೂ ಉಳಿದ ಕ್ಯಾನ್ಸರ್ ಕೋಶಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ಚರ್ಮ ಒಡೆಯದಂತೆ ಇಷ್ಟು ಹಟ ಹಿಡಿಯುವುದೇ ಅದಕ್ಕೆ.

ಚರ್ಮ ಮಾಗಿದ ಮೇಲೆ ತೋಟದ ಕೆಲಸಕ್ಕೆ ಹೋಗಬಹುದು. ಎದೆಯ ಭಾಗಕ್ಕೆ ಬಿಸಿಲು ಬೀಳದ ಹಾಗೆ ಸೆರಗು, ಕಂಕುಳ ಗಂಟು ತೆಗೆಸಿಕೊಂಡ ಕಡೆಯ ಕೈಗೆ ಗ್ಲೌಸ್. ಚಿಗುರು ತೆಗೆಯುವಾಗ ಗೀರಿದ ಸಣ್ಣ ಗಾಯವೂ ಆ ಕೈಯನ್ನು ಊದಿಸಬಲ್ಲದು. ತೊಳೆದು ಆಂಟಿಸೆಪ್ಟಿಕ್ ಹಚ್ಚಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು.