ಎಲೆ ಚಹಾ ತರಿಸುವ ಮುನ್ನ ಕೇಳಿ: ಕೊಯ್ದದ್ದು ಯಾವಾಗ?

ಪುಟ್ಟದೊಂದು ಆನ್‌ಲೈನ್ ಅಂಗಡಿಯಿಂದ ಮೊದಲ ಸಲ ಹಸಿರು ಚಹಾ ತರಿಸಿದಾಗ ನಾನು ನೋಡಿದ್ದು ಚಂದದ ಚಿತ್ರ ಮತ್ತು ಅದರ ಕೆಳಗಿನ ವರ್ಣನೆಯನ್ನಷ್ಟೇ. ಮನೆಗೆ ಬಂದ ಚಹಾಕ್ಕೆ ಒಣಹುಲ್ಲಿನ ವಾಸನೆ, ರುಚಿ ಸಪ್ಪೆ. ಪೊಟ್ಟಣದ ಹಿಂದೆ ಪ್ಯಾಕ್ ಮಾಡಿದ ದಿನಾಂಕವಿತ್ತು, ಎಲೆ ಕೊಯ್ದ ದಿನಾಂಕ ಎಲ್ಲೂ ಇರಲಿಲ್ಲ. ಅವೆರಡರ ನಡುವೆ ಎಷ್ಟು ತಿಂಗಳು ಬೇಕಾದರೂ ಕಳೆದಿರಬಹುದು. ಅಂದಿನಿಂದ ಕೊಯ್ಲಿನ ಕಾಲ ತಿಳಿಯದೆ ನಾನು ಚಹಾ ತರಿಸಿಲ್ಲ.

ಮೊದಲು ಯಾವ ಬಗೆಯ ಚಹಾ ಬೇಕು ಎಂದು ತೀರ್ಮಾನಿಸಿ. ಹಸಿರು, ಬಿಳಿ, ಊಲಾಂಗ್, ಕಪ್ಪು, ಎಲ್ಲವೂ ಒಂದೇ ಗಿಡದವು: ಕ್ಯಾಮೆಲಿಯಾ ಸೈನೆನ್ಸಿಸ್. ಕೊಯ್ದ ಎಲೆಗೆ ಬೇಗನೆ ಬಿಸಿ ತಾಗಿಸಿ ಅದು ಕಪ್ಪಾಗದಂತೆ ತಡೆದರೆ ಹಸಿರು ಚಹಾ. ಹೊಸಕಿ ಗಾಳಿಗೆ ಪೂರ್ತಿ ಬಿಟ್ಟರೆ ಕಪ್ಪು ಚಹಾ, ನಡುವೆ ನಿಲ್ಲಿಸಿದರೆ ಊಲಾಂಗ್. ಬಗೆ ಗೊತ್ತಾದರೆ ದಿನಾಂಕವನ್ನು ಓದುವುದೂ ಗೊತ್ತಾಗುತ್ತದೆ. ಹಸಿರು ಚಹಾದ ತಾಜಾತನ ವರ್ಷದೊಳಗೆ ಇಳಿದುಹೋಗುತ್ತದೆ. ಕಪ್ಪು ಚಹಾ ಅದಕ್ಕಿಂತ ಹೆಚ್ಚು ತಾಳುತ್ತದೆ. ಚೀನಾದ ಯುನ್ನಾನ್ ಪ್ರಾಂತ್ಯದ ಪು-ಅರ್ ಚಹಾವನ್ನಂತೂ ವರ್ಷಗಟ್ಟಲೆ ಇಟ್ಟು ಮಾಗಿಸುವವರಿದ್ದಾರೆ.

ಆಮೇಲೆ ಅಂಗಡಿಯ ವಿವರಣೆಯನ್ನು ನಿಧಾನವಾಗಿ ಓದಿ. 'ಜೇನಿನಂಥ ಸಿಹಿ', 'ಹೂವಿನ ಘಮ' ಮುಂತಾದವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಊರು ಅಥವಾ ತೋಟದ ಹೆಸರು, ಕೊಯ್ಲಿನ ಹಂಗಾಮು, ವರ್ಷ, ಈ ಮೂರನ್ನು ಹುಡುಕಿ. ಬರೀ 'ಡಾರ್ಜಿಲಿಂಗ್' ಎಂದಿದ್ದರೆ ಸಾಲದು. ಅಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬರುವ ಮೊದಲ ಚಿಗುರು, ಅಂದರೆ ಫಸ್ಟ್ ಫ್ಲಷ್, ತೆಳು ಬಣ್ಣದ್ದು, ಚುರುಕಾದ ಒಗರಿನದು. ಮೇ-ಜೂನ್‌ನ ಸೆಕೆಂಡ್ ಫ್ಲಷ್ ತಾಮ್ರದ ಬಣ್ಣಕ್ಕೆ ತಿರುಗಿ ಮಸ್ಕಟ್ ದ್ರಾಕ್ಷಿಯ ಪರಿಮಳ ಕೊಡುತ್ತದೆ. ಆ ಪರಿಮಳದಲ್ಲಿ ಚಿಗುರಿನ ರಸ ಹೀರುವ ಪುಟ್ಟ ಜಿಗಿಹುಳುವಿನ ಪಾಲೂ ಇದೆ: ಹುಳು ಕಚ್ಚಿದಾಗ ಗಿಡ ತನ್ನ ರಕ್ಷಣೆಗೆಂದು ಉಂಟುಮಾಡುವ ವಸ್ತುಗಳೇ ಚಹಾದ ಬಟ್ಟಲಲ್ಲಿ ಘಮವಾಗುತ್ತವೆ. ತೈವಾನಿನ 'ಓರಿಯೆಂಟಲ್ ಬ್ಯೂಟಿ' ಊಲಾಂಗ್ ಹೆಸರು ಮಾಡಿದ್ದೂ ಇಂಥದೇ ಹುಳುವಿನಿಂದ. ಚೀನಾದ ಲಾಂಗ್‌ಜಿಂಗ್ ಹಸಿರು ಚಹಾದಲ್ಲಿ ಏಪ್ರಿಲ್ 4-5ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕೊಯ್ದದ್ದಕ್ಕೇ ಬೆಲೆ ಹೆಚ್ಚು. ಹಂಗಾಮು ಬದಲಾದರೆ ಚಹಾವೇ ಬೇರೆ.

'ಎಫ್‌ಟಿಜಿಎಫ್‌ಒಪಿ' ಎಂಬಂಥ ಉದ್ದದ ಅಕ್ಷರಮಾಲೆ ಕಂಡರೆ ಬೆರಗಾಗಬೇಡಿ. ಅದು ಎಲೆಯ ಗಾತ್ರ, ಇಡಿತನ ಮತ್ತು ಕುಡಿಗಳ ಲೆಕ್ಕ. ರುಚಿಗೆ ಕೊಟ್ಟ ಅಂಕವಲ್ಲ.

ವಿವರ ಸಿಗದಿದ್ದರೆ ಅಂಗಡಿಯವರಿಗೇ ಬರೆಯಿರಿ. ಸಣ್ಣ ಅಂಗಡಿಯಿಂದ ಕೊಳ್ಳುವುದರ ದೊಡ್ಡ ಅನುಕೂಲ ಇದೇ ಎಂದು ನಾನು ನಂಬಿದ್ದೇನೆ: ಚಹಾ ಆರಿಸಿ ತರಿಸಿದವರೇ ಸಾಮಾನ್ಯವಾಗಿ ಉತ್ತರ ಬರೆಯುತ್ತಾರೆ. ಎರಡೇ ಪ್ರಶ್ನೆ ಸಾಕು. ಕೊಯ್ದದ್ದು ಯಾವ ತಿಂಗಳು? ಇದುವರೆಗೆ ಹೇಗೆ ಇಟ್ಟಿದ್ದೀರಿ? 'ಕಳೆದ ವರ್ಷದ್ದು, ಅದಕ್ಕೇ ಬೆಲೆ ಇಳಿಸಿದ್ದೇವೆ' ಎಂಬ ಉತ್ತರ ಬಂದರೂ ಒಳ್ಳೆಯದೇ. 'ಎಲ್ಲವೂ ಫ್ರೆಶ್' ಎಂದು ಹಾರಿಸಿದರೆ ಬೇರೆ ಅಂಗಡಿ ನೋಡಿ.

ಮೊದಲ ಸಲಕ್ಕೆ ಸ್ಯಾಂಪಲ್, ಹೆಚ್ಚೆಂದರೆ 25 ಗ್ರಾಂ ತರಿಸಿ. ಒಂದು ಕಪ್ಪಿಗೆ 2.5 ಗ್ರಾಂ ಹಿಡಿದರೂ ಹತ್ತು ಕಪ್ ಆಯಿತು. ಬೆಲೆಯನ್ನೂ ಕಪ್ಪಿನ ಲೆಕ್ಕದಲ್ಲೇ ಹೋಲಿಸಿ. ಒಳ್ಳೆಯ ಊಲಾಂಗ್ ಎಲೆಯನ್ನು ಮೂರು ನಾಲ್ಕು ಸಲ ನೆನೆಸಬಹುದಾದ್ದರಿಂದ ದುಬಾರಿ ಎನಿಸಿದ್ದು ಕೊನೆಗೆ ಅಷ್ಟು ದುಬಾರಿಯಾಗುವುದಿಲ್ಲ. ಹೆಚ್ಚು ಕೊಂಡರೆ ಸಾಗಣೆ ಉಚಿತ ಎಂಬ ಆಸೆಗೆ ಬಿದ್ದು ಕಾಲು ಕಿಲೋ ಹಸಿರು ಚಹಾ ತರಿಸಬೇಡಿ. ಅದು ಮುಗಿಯುವುದರೊಳಗೆ ಹಳತಾಗಿರುತ್ತದೆ.

ಪೊಟ್ಟಣ ಬಂದೊಡನೆ ಅದು ಬೆಳಕು, ಗಾಳಿ ಹೋಗದಂತೆ ಸೀಲ್ ಆಗಿದೆಯೇ ನೋಡಿ. ಎಲೆಯೊಂದನ್ನು ಬೆರಳಲ್ಲಿ ಹಿಸುಕಿ. ಗರಿಗರಿಯಾಗಿ ಮುರಿಯಬೇಕು, ಮೆತ್ತಗೆ ಬಾಗಿದರೆ ತೇವ ಹಿಡಿದಿದೆ. ಕಪ್ಪನ್ನು ಬಿಸಿನೀರಲ್ಲಿ ತೊಳೆದು ನೀರು ಚೆಲ್ಲಿ, ಒಣ ಎಲೆ ಹಾಕಿ, ಅರ್ಧ ನಿಮಿಷ ಮುಚ್ಚಿಟ್ಟು ಮೂಸಿ. ಮುಗ್ಗಲು ವಾಸನೆಯಿದ್ದರೆ ಆಗಲೇ ಗೊತ್ತಾಗುತ್ತದೆ. ಹಾಗಿದ್ದಲ್ಲಿ ಉಳಿದ ಎಲೆಯನ್ನು ಮುಟ್ಟದೆ, ಫೋಟೊ ಸಮೇತ ಅಂಗಡಿಗೆ ತಿಳಿಸಿ.

ಚಹಾ ಮಾಡುವಾಗ ಚಮಚದ ಅಳತೆ ನಂಬಬೇಡಿ. ಗುಂಡಗೆ ಸುತ್ತಿದ ಊಲಾಂಗ್ ಒಂದು ಚಮಚ ತೂಗುವಷ್ಟೇ ತೂಗಲು ಹಗುರ ಬಿಳಿ ಚಹಾ ಮೂರು ಚಮಚವಾದರೂ ಬೇಕು. ಪುಟ್ಟ ತಕ್ಕಡಿ ಇದ್ದರೆ ಒಳ್ಳೆಯದು. ಹಸಿರು ಚಹಾಕ್ಕೆ 70ರಿಂದ 80 ಡಿಗ್ರಿ ಸೆಲ್ಸಿಯಸ್, ಕಪ್ಪು ಚಹಾಕ್ಕೆ ಕುದಿಯುವ ಹಂತದ ನೀರು. ಹಸಿರು ಚಹಾ ಕಹಿ ಎಂದು ದೂರುವ ಮೊದಲು ನೀರನ್ನು ಸ್ವಲ್ಪ ತಣಿಸಿ ಇನ್ನೊಮ್ಮೆ ಮಾಡಿ ನೋಡಿ.

ಉಳಿದದ್ದನ್ನು ಗಾಜಿನ ಜಾಡಿಯಲ್ಲಿಟ್ಟು ಅಂದ ನೋಡಬೇಡಿ, ಬೆಳಕಿಗೆ ಘಮ ಹೋಗುತ್ತದೆ. ಗಾಳಿಯಾಡದ ಲೋಹದ ಡಬ್ಬಿ ಬೇಕು. ಮಸಾಲೆ, ಕಾಫಿಪುಡಿಯ ಪಕ್ಕ ಅದನ್ನು ಇಡಬೇಡಿ, ಚಹಾ ಎಲೆ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಮುಚ್ಚಳದ ಮೇಲೆ ಕೊಯ್ಲಿನ ತಿಂಗಳು ಮತ್ತು ಪೊಟ್ಟಣ ಒಡೆದ ದಿನ ಎರಡನ್ನೂ ಬರೆದು ಅಂಟಿಸಿ.