ಹಾರುಬೂದಿ, ಕಲ್ಲುಪುಡಿ ಹಾಕಿ ಎಸ್‌ಸಿಸಿ ಮಾಡಿದ ಅನುಭವ

ಉಡುಪಿಯ ಒಂದು ಕಟ್ಟಡ. ಬೀಮ್ ಮತ್ತು ಕಾಲಂ ಕೂಡುವ ಜಾಗದಲ್ಲಿ ಕಂಬಿ ಎಷ್ಟು ಒತ್ತಾಗಿತ್ತೆಂದರೆ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ನೀಡಲ್ ಒಳಗೆ ಇಳಿಯುತ್ತಲೇ ಇರಲಿಲ್ಲ. ಇಂಥ ಕಡೆ ಮಾಮೂಲಿ ಕಾಂಕ್ರೀಟ್ ಸುರಿದರೆ ಒಳಗೆ ತೂತು ಉಳಿಯುತ್ತದೆ, ನಮ್ಮ ಕಡಲ ಉಪ್ಪುಗಾಳಿ ಕಂಬಿ ಮುಟ್ಟಲು ಅಷ್ಟು ಸಾಕು. ಅದಕ್ಕೇ ತಾನಾಗಿ ಹರಿದು ಕೂರುವ ಸೆಲ್ಫ್ ಕಾಂಪ್ಯಾಕ್ಟಿಂಗ್ ಕಾಂಕ್ರೀಟ್, ಅಂದರೆ ಎಸ್‌ಸಿಸಿ, ಆರಿಸಿದೆವು.

ಇದಕ್ಕೆ ಪುಡಿ (ಸಿಮೆಂಟ್ ಮತ್ತು ಅದರಂಥ ನುಣ್ಣನೆಯ ವಸ್ತು) ಜಾಸ್ತಿ ಬೇಕು, ಘನ ಮೀಟರಿಗೆ ಸಾಮಾನ್ಯವಾಗಿ 380ರಿಂದ 600 ಕಿಲೋ. ಅಷ್ಟಕ್ಕೂ ಸಿಮೆಂಟೇ ಸುರಿದರೆ ದುಡ್ಡೂ ಹೋಗುತ್ತದೆ, ಒಳಗೆ ಬಿಸಿ ಏರಿ ಬಿರುಕೂ ಬಿಡುತ್ತದೆ. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲೇ ಕಲ್ಲಿದ್ದಲು ಸ್ಥಾವರ ಇರುವಾಗ ಕಲ್ಲಿದ್ದಲು ಸುಟ್ಟಾಗ ಸಿಗುವ ಹಾರುಬೂದಿ ಬಿಟ್ಟು ಬೇರೇನು ಯೋಚಿಸುವುದು, ಅಲ್ವಾ? ಜೊತೆಗೆ ಗ್ರಾನೈಟ್ ಕೊಯ್ಯುವಾಗ ಬರುವ ಕೆಸರಿನ ಪುಡಿ, ಅದೇ ಕಲ್ಲುಪುಡಿ.

ಎರಡೂ ಒಂದೇ ಥರ ಅಲ್ಲ. ಬೂದಿಯ ಕಣ ದುಂಡಗೆ, ಗೋಲಿಯಂತೆ ಉರುಳಿ ಹರಿವಿಗೆ ನೆರವಾಗುತ್ತದೆ, ಆಮೇಲೆ ಸಿಮೆಂಟಿನಿಂದ ಬಿಡುಗಡೆಯಾದ ಸುಣ್ಣದ ಜೊತೆ ಸೇರಿ ನಿಧಾನಕ್ಕೆ ಬಲವನ್ನೂ ಕೊಡುತ್ತದೆ. ಕಲ್ಲುಪುಡಿ ಚೂಪುಚೂಪು, ನೀರು ಜಾಸ್ತಿ ಕೇಳುತ್ತದೆ. ಆದರೆ ಸಂದು ತುಂಬಿ ಜಲ್ಲಿ ತಳಕ್ಕೆ ಇಳಿಯದಂತೆ ಹಿಡಿದಿಡುತ್ತದೆ. ಹಾಗಾಗಿ ಬೂದಿಯ ಪಾಲು ಹೆಚ್ಚು, ಕಲ್ಲುಪುಡಿಯ ಪಾಲು ಕಡಿಮೆ. ಬೂದಿ ಕಪ್ಪಗೆ ಕಂಡರೆ ಲೋಡ್ ಇಳಿಸಿಕೊಳ್ಳುವ ಮುಂಚೆ ಟೆಸ್ಟ್ ರಿಪೋರ್ಟ್ ನೋಡಿ. ಸುಡದೆ ಉಳಿದ ಇಂಗಾಲ ಅಡ್ಮಿಕ್ಸ್ಚರನ್ನು (ಕಾಂಕ್ರೀಟ್ ಹರಿಯಲೆಂದು ಹಾಕುವ ರಾಸಾಯನಿಕ) ಹೀರಿಬಿಡುತ್ತದೆ. ಹಾರುಬೂದಿಯ ಭಾರತೀಯ ಮಾನದಂಡ ಐಎಸ್ 3812 ಪ್ರಕಾರ ಲಾಸ್ ಆನ್ ಇಗ್ನಿಷನ್, ಅಂದರೆ ಬೂದಿಯನ್ನು ಮತ್ತೆ ಸುಟ್ಟಾಗ ಕಳೆಯುವ ತೂಕ, ಶೇ 5 ದಾಟುವಂತಿಲ್ಲ.

ಮಳೆಗಾಲದಲ್ಲಿ ಕಲ್ಲುಪುಡಿ ದೊಡ್ಡ ತಲೆನೋವು. ಶೀಟಿನ ಕೆಳಗೆ ಹರಡಿ ಒಣಗಿಸಿ, ಉಂಡೆ ಒಡೆದು, ಜರಡಿ ಹಿಡಿದೇ ಮಿಕ್ಸರಿಗೆ ಹಾಕಿಸಿದೆ. ಆಮೇಲೂ ಉಳಿದ ತೇವವನ್ನು ಅಳೆದು ಮಿಕ್ಸಿನ ನೀರಿನಲ್ಲಿ ಕಳೆದೆವು, ಎಂ-ಸ್ಯಾಂಡಿನದ್ದೂ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹಾಗೇ.

ಸ್ಲಂಪ್ ಫ್ಲೋ, ಅಂದರೆ ಕೋನ್ ಎತ್ತಿದಾಗ ಕಾಂಕ್ರೀಟ್ ಹರಡುವ ಅಗಲ, 650ರಿಂದ 700 ಮಿಲಿಮೀಟರ್ ಒಳಗೆ ನಿಲ್ಲಿಸಿಕೊಂಡೆವು. ಬರೀ ಅಗಲ ಅಳೆದು ಎದ್ದು ಹೋಗಬೇಡಿ. ಬಗ್ಗಿ ಅಂಚು ನೋಡಿ. ಅಂಚಿನವರೆಗೂ ಜಲ್ಲಿ ಬಂದಿದೆಯಾ? ನಡುವೆ ಜಲ್ಲಿ ಗುಡ್ಡೆಯಾಗಿ ಸುತ್ತ ತೆಳು ನೀರಿನ ಉಂಗುರ ಕಂಡರೆ ಅಗಲ ಎಷ್ಟೇ ಬರಲಿ, ಆ ಬ್ಯಾಚ್ ನಾನು ಸುರಿಸುವುದಿಲ್ಲ. ಕಂಬಿ ಅಡ್ಡವಿಟ್ಟ ಎಲ್ ಆಕಾರದ ಪೆಟ್ಟಿಗೆ, ಅಂದರೆ ಎಲ್-ಬಾಕ್ಸ್‌ನಲ್ಲಿ, ಕೊನೆಯಲ್ಲಿ ನಿಂತ ಕಾಂಕ್ರೀಟಿನ ಎತ್ತರಕ್ಕೂ ಕಂಬಿಯ ಹಿಂದಿನ ಎತ್ತರಕ್ಕೂ ಇರುವ ಅನುಪಾತ 0.8 ಆದರೂ ಬರಬೇಕು, ಕಂಬಿ ನಡುವೆ ನುಸುಳುತ್ತದೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಹಲಗೆ ಕಟ್ಟುವ ಸೆಂಟ್ರಿಂಗಿನವರಿಗೆ ಮೊದಲೇ ಹೇಳಿಡಿ. ಇದು ನೀರಿನ ಹಾಗೇ ಪಕ್ಕದ ಹಲಗೆಯನ್ನು ತಳ್ಳುತ್ತದೆ, ಸಂದು ಸಿಕ್ಕಿದರೆ ಸಿಮೆಂಟ್ ಹಾಲು ಸೋರುತ್ತದೆ. ಬೂದಿ ಇರುವುದರಿಂದ ಶುರುವಿನ ಬಲ ತಡವಾಗಿ ಬರುತ್ತದೆ, ಬೀಮಿನ ಕೆಳಗಿನ ಪ್ರಾಪ್ (ಆಸರೆ ಕಂಬ) ಬಿಚ್ಚಲು ಕ್ಯೂಬ್ ರಿಸಲ್ಟ್, ಅಂದರೆ ಅದೇ ಕಾಂಕ್ರೀಟಿನ ಅಚ್ಚಿನ ತುಂಡನ್ನು ಒತ್ತಿ ನೋಡಿದ ಬಲದ ಫಲಿತಾಂಶ, ಬರುವವರೆಗೆ ಕಾಯಿಸಿ.